ವಾಹನದಾನವೂ ದಾಸೋಹವೂ

ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿಮೆಯನ್ನಿತ್ತ ಧರ್ಮ ನಮ್ಮದು. ಜಂಗಮವೆಂದರೆ ಕಾಲ್ನಡಿಗೆಯಲ್ಲ, ಚೈತನ್ಯದ ಸಂಚಾರವೆಂದು ಹಿರಿಯರು ಅರ್ಥೈಸುತ್ತ ಬಂದಿದ್ದಾರೆ. ಅರ್ಥ ಸರಿಯಾದುದೇ. ಆದರೆ ಕಾಲು ಸೋತ ವ್ಯಕ್ತಿಯೆದುರು ಅದನ್ನು ಹೇಳುವಾಗ ನಾಲಗೆ ತುಸು ತಡವರಿಸಬೇಕು. ಹೊಸ್ತಿಲು ದಾಟಲು ಅನ್ಯರ ಹೆಗಲನ್ನೇ ನೆಚ್ಚಿದವರು ಕಾಯಕಕ್ಕೆ ಹೋಗುವುದೆಂತು? ದಾಸೋಹದಲ್ಲಿ ಪಡೆಯುವವರಾಗಿ ಮಾತ್ರವಲ್ಲದೆ ಸಲ್ಲಿಸುವವರಾಗಿಯೂ ಪಾಲ್ಗೊಳ್ಳುವುದೆಂತು?

ಯಂತ್ರವು ಇದಕ್ಕೊಂದು ಉತ್ತರವನ್ನು ತಂದಿದೆ. ಗೇರಿಲ್ಲದ ಸ್ಕೂಟರಿನ ಹಿಂಗಾಲಿಯ ಇಕ್ಕೆಲಗಳಲ್ಲಿ ಒಂದೊಂದು ಗಾಲಿಯನ್ನು ಜೋಡಿಸಿದರೆ, ನಿಲ್ಲಿಸಿದಾಗ ನೆಲಕ್ಕೆ ಕಾಲೂರಬೇಕಾಗಿಲ್ಲ. ವೇಗವೂ ತಡೆಯೂ ಕೈಯಲ್ಲೇ ಇರುತ್ತವೆ. ಇಂಥ ವಾಹನಗಳನ್ನು ಸರ್ಕಾರವೂ ದಾನಿಗಳೂ ಹಂಚುತ್ತಿದ್ದಾರೆ. ಆದರೆ ಗಾಲಿಕುರ್ಚಿಯನ್ನೇ ಅವಲಂಬಿಸಿದವರಿಗೆ ಇನ್ನೊಂದು ತೊಡಕುಂಟು. ಅವರು ಸ್ಕೂಟರನ್ನೇರಿ ಊರು ತಲುಪುತ್ತಾರೆ. ಕುರ್ಚಿ ಮನೆಯಲ್ಲಿ ಉಳಿಯುತ್ತದೆ. ಇಳಿಯಬೇಕಾದಲ್ಲಿ ಮತ್ತೆ ಪರರ ತೋಳೇ ಗತಿ. ಈ ತೊಡಕನ್ನರಿತು ಮದ್ರಾಸಿನ ಐಐಟಿಯವರು 2021ರಲ್ಲಿ ‘ನಿಯೋಬೋಲ್ಟ್’ ಎಂಬ ಸಾಧನವನ್ನು ಹೊರತಂದರು. ಬ್ಯಾಟರಿಯಿಂದ ಓಡುವ ಈ ಮುಂಭಾಗವನ್ನು ಗಾಲಿಕುರ್ಚಿಗೇ ಸಿಕ್ಕಿಸಿದರೆ ಗಂಟೆಗೆ 25 ಕಿಲೋಮೀಟರ್ ವೇಗದವರೆಗೆ ರಸ್ತೆಯಲ್ಲಿ ಸಾಗಬಹುದು; ತಲುಪಿದ ಮೇಲೆ ಬಿಚ್ಚಿಟ್ಟು ಅದೇ ಕುರ್ಚಿಯಲ್ಲಿ ಒಳಹೋಗಬಹುದು.

ಒಳಹೋಗಬಹುದು, ಬಾಗಿಲಲ್ಲಿ ಮೆಟ್ಟಿಲಿಲ್ಲದಿದ್ದರೆ. ಆ ಮಾತಿಗೆ ಬರುವ ಮುನ್ನ ಬ್ರಿಟನ್ನಿನ ಒಂದು ಅನುಭವವನ್ನು ನೋಡಬೇಕು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿನ ಸರ್ಕಾರವು ನಡೆಯಲಾರದವರಿಗೆ ಮೂರು ಗಾಲಿಯ ಪುಟ್ಟ ವಾಹನಗಳನ್ನು ಉಚಿತವಾಗಿ ಒದಗಿಸಿತು. ಸದುದ್ದೇಶವೇ. ಆದರೆ ಅದರಲ್ಲಿದ್ದುದು ಒಂದೇ ಆಸನ. ಮಡದಿಯಾಗಲಿ ಮಗುವಾಗಲಿ ಜೊತೆಗೆ ಕೂರುವಂತಿರಲಿಲ್ಲ. ಅಂಗವಿಕಲನಿಗೆ ಸಂಚಾರ ಬೇಕೆಂದು ಬಗೆದ ಮನಸ್ಸಿಗೆ ಅವನಿಗೊಂದು ಸಂಸಾರವೂ ಇದ್ದೀತೆಂಬುದು ಹೊಳೆಯಲಿಲ್ಲವೇನೋ! 1977ರಲ್ಲಿ ‘ಮೋಟಬಿಲಿಟಿ’ ಎಂಬ ಸಂಸ್ಥೆ ಹುಟ್ಟಿ, ಸರ್ಕಾರ ಕೊಡುವ ಭತ್ಯೆಯಿಂದಲೇ ಎಲ್ಲರಂತೆ ಕಾರನ್ನು ಗುತ್ತಿಗೆಗೆ ಪಡೆಯುವ ದಾರಿ ತೆರೆಯಿತು. ಆ ಒಂಟಿ ಆಸನದ ಗಾಡಿಗಳು 2003ರ ಮಾರ್ಚ್ 31ರಂದು ಅಲ್ಲಿನ ರಸ್ತೆಗಳಿಂದ ಮರೆಯಾದವು.

ನಮ್ಮ 1988ರ ಮೋಟಾರು ವಾಹನ ಕಾಯಿದೆಯೂ ಇಂಥ ಗಾಡಿಯನ್ನು ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂದೇ ಕರೆದಿತ್ತು. ಇಂಗ್ಲಿಷಿನಲ್ಲಿ ಅಶಕ್ತನಿಗೂ ಅಸಿಂಧುವಾದ ಕಾಗದಕ್ಕೂ ಅಕ್ಷರಗಳು ಒಂದೇ! 2019ರ ತಿದ್ದುಪಡಿಯಲ್ಲಿ ಅದು ‘ಅಡಾಪ್ಟೆಡ್ ವೆಹಿಕಲ್’, ಅಂದರೆ ಮಾರ್ಪಡಿಸಿದ ವಾಹನ, ಆಯಿತು. ಕೊರತೆಯ ಹೆಸರು ಮನುಷ್ಯನಿಂದ ಕಳಚಿತು.

ಹೆಸರು ಬದಲಾದಷ್ಟು ಸುಲಭವಾಗಿ ಕೊಡುವವರ ಮನಸ್ಸು ಬದಲಾಗದು. ವಾಹನ ವಿತರಣೆಯ ಸಮಾರಂಭಗಳಲ್ಲಿ ಪಡೆಯುವವರು ಬಿಸಿಲಲ್ಲಿ ಸಾಲಾಗಿ ಕಾಯುತ್ತಾರೆ. ಗಣ್ಯರು ಬಂದು ಕೀಲಿಕೈ ಕೊಡುವಾಗ ಭಾವಚಿತ್ರ ತೆಗೆಯಲಾಗುತ್ತದೆ. ಪ್ರಚಾರವಿಲ್ಲದಿದ್ದರೆ ದಾನಿಗಳು ಮುಂದೆ ಬಾರರೆಂಬ ವಾದವುಂಟು. ದಾನದ ಮಟ್ಟಿಗೆ ಅದು ನಿಜವಿರಬಹುದು. ದಾಸೋಹದ ಅಳತೆ ಬೇರೆ. ಅಲ್ಲಿ ‘ನಾನು ಕೊಟ್ಟೆ’ ಎಂಬ ಭಾವವೇ ಕರಗಬೇಕು. ಕಾಯಕಕ್ಕೆಂದು ಕೊಟ್ಟ ಗಾಡಿಯಲ್ಲಿ ಅವನು ಸಿನಿಮಾಕ್ಕೆ ಹೋದನೆಂದು ಗೊಣಗುವವರುಂಟು. ನಡೆಯಬಲ್ಲವರ ಕಾಲುಗಳಿಗೆ ಯಾರಾದರೂ ಲೆಕ್ಕ ಕೇಳುತ್ತಾರೆಯೆ? ಹೋಗಬೇಕಾದಲ್ಲಿಗಷ್ಟೇ ಅಲ್ಲ, ಹೋಗಬೇಕೆನಿಸಿದಲ್ಲಿಗೂ ಹೋಗುವುದು ಸಂಚಾರ. ಕೊಟ್ಟವರ ಕಣ್ಣಿನಿಂದ ದೂರ ಹೋಗುವ ಸ್ವಾತಂತ್ರ್ಯವೂ ಅದರೊಳಗೆ ಸೇರಿದೆ.

ಇನ್ನು ಮೆಟ್ಟಿಲಿನ ಮಾತು. ಭಕ್ತನು ತನ್ನ ಗಾಡಿಯಲ್ಲಿ ತಾನೇ ಮಠದವರೆಗೆ ಬಂದು, ಕಟ್ಟೆಯ ಬುಡದಲ್ಲಿ ನಿಂತು ನಾಲ್ವರನ್ನು ಕೂಗಿ ಕರೆಯುವಂತಾದರೆ, ನಾವು ಅವನಿಗೆ ಕೊಟ್ಟುದೇನು? 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳೆಲ್ಲ ಅವರ ಪ್ರವೇಶಕ್ಕೆ ಅನುವಾಗಬೇಕೆಂದು ವಿಧಿಸಿದೆ. ಜನರು ಧಾರ್ಮಿಕ ಕಾರ್ಯಗಳಿಗಾಗಿ ಸೇರುವ ಕಟ್ಟಡಗಳನ್ನೂ ಅದು ಬಿಟ್ಟಿಲ್ಲ. ಕಾಯಿದೆ ಹೇಳುವವರೆಗೆ ಮಠಮಾನ್ಯಗಳು ಕಾಯಬೇಕಾಗಿತ್ತೆ ಎಂಬುದು ಬೇರೆ ಪ್ರಶ್ನೆ. ಇಳಿಜಾರಿನ ಲೆಕ್ಕ ಸರಳವಾದುದು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಅಡಿಯ ಕಟ್ಟೆಗೆ ಮೂವತ್ತಾರು ಅಡಿ, ನಡುವೆ ತಂಗಲು ಒಂದು ಸಮತಟ್ಟು. ಬಹುತೇಕ ಅಂಗಳಗಳಲ್ಲಿ ಅಷ್ಟು ಸ್ಥಳವಿದೆ. ಆದರೆ ಅದು ಹಿತ್ತಲಿನ ಅಡುಗೆಮನೆಯ ಕಡೆಯಿಂದಲ್ಲ, ಎಲ್ಲರೂ ಬರುವ ಮಹಾದ್ವಾರದ ಕಡೆಯಿಂದಲೇ ಇರಬೇಕು.