ಕಾಯಿ ಕೆಡವೋ ಮುಂಚೆ ಕೂಗಬೇಕು

ಈ ಸಲ ಯುಗಾದಿಗೆ ಊರಿಗೆ ಹೋದಾಗ ಅಕ್ಕನ ಮಗ ನನ್ನನ್ನ ಮೆಲ್ಲಗೆ ತೋಟದ ಕಡೆ ಕರ್ಕೊಂಡು ಹೋದ. ಅವನು ಹಂಗೆ ಮೆಲ್ಲಗೆ ಕರೆದ ಅಂದ್ರೆ ದುಡ್ಡಿನ ವಿಷಯ ಅಂತಲೇ ಲೆಕ್ಕ. ಬಿ.ಇ. ಎರಡನೇ ವರ್ಷ ಓದ್ತಿದ್ದಾನೆ.

"ಮಾವ, ಅಪ್ಪಂಗೆ ನೀನೊಂದು ಮಾತು ಹೇಳ್ಬೇಕು. ಅರ್ಧ ದುಡ್ಡು ನೀನು ಹಾಕಿದ್ರೆ ಇನ್ನರ್ಧ ಅವ್ರು ಹಾಕ್ತಾರೆ."

"ಏನಕ್ಕೋ?"

ಡ್ಯೂಕ್ ಬೈಕು. ಬಣ್ಣವನ್ನೂ ಆರಿಸಿ ಇಟ್ಟಿದ್ದ. ಮನೇಲಿ ಸ್ಪ್ಲೆಂಡರ್ ಇದೆಯಲ್ಲೋ ಅಂದೆ. ಅವನು ನಕ್ಕ. "ನೀನೇ ಹೇಳ್ತಿದ್ಯಲ್ಲ ಮಾವ, ಆರ್‌ಎಕ್ಸ್ ಕಥೆ" ಅಂದ. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಯ್ತು.

ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. 2009ರ ದಸರಾ ರಜೆ. ನಾನೂ ಆಗ ಬಿ.ಇ. ಎರಡನೇ ವರ್ಷ. ಚಿಕ್ಕಪ್ಪನ ಹತ್ರ ಹಳೇ ಯಮಹಾ ಆರ್‌ಎಕ್ಸ್ 100 ಇತ್ತು. 1985ರಲ್ಲಿ ಬಂದು 1996ಕ್ಕೆ ನಿಂತುಹೋದ ಗಾಡಿ ಅದು. 98 ಸಿಸಿ, ಟೂ ಸ್ಟ್ರೋಕ್. ಇವತ್ತಿನ ಲೆಕ್ಕದಲ್ಲಿ ಏನೂ ಅಲ್ಲ. ಆದ್ರೆ ಮೈ ಹಗುರ, ಹಾಗಾಗಿ ಆಕ್ಸಿಲರೇಟರ್ ತಿರುಚಿದ ತಕ್ಷಣ ಕೈಯಿಂದ ಕಿತ್ಕೊಂಡು ಓಡೋದು. ಚಿಕ್ಕಪ್ಪನ ಮಗ ಗೆಳೆಯನ ಪಲ್ಸರ್ ತಂದಿದ್ದ. ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ಟೀ ಕುಡೀತಾ ಮಾತಿಗೆ ಮಾತು ಬೆಳೀತು. ಕೆ.ಬಿ. ಕ್ರಾಸ್ ಗೊತ್ತಲ್ಲ, ಒಂದು ಕಡೆ ತಿಪಟೂರು, ಒಂದು ಕಡೆ ತುಮಕೂರು, ಒಂದು ಕಡೆ ಚಿಕ್ಕನಾಯಕನಹಳ್ಳಿ, ಇನ್ನೊಂದು ಕಡೆ ತುರುವೇಕೆರೆ. ತುರುವೇಕೆರೆ ಕಡೆ ಹೊರಟ್ವಿ. ಸೋತವನು ಎಲ್ಲರಿಗೂ ಬೇಕರಿಯಲ್ಲಿ ಬನ್ನು ಟೀ ಕೊಡಿಸಬೇಕು.

ಗೆದ್ದಿದ್ದು ನಾನು. ಮದುವೆ ಮನೆ, ತಿಥಿ ಮನೆ ಅಂತ ನೋಡದೆ ಹದಿನಾರು ವರ್ಷದಿಂದ ಹೇಳ್ಕೊಂಡು ಬಂದಿದ್ದೀನಿ. ಕೇಳ್ಕೊಂಡೇ ಅಕ್ಕನ ಮಗ ದೊಡ್ಡವನಾದ.

ಆ ಖುಷಿ ಸುಳ್ಳು ಅಂತ ಈಗ ಹೇಳಿದ್ರೆ ಅದು ಇನ್ನೊಂದು ಸುಳ್ಳಾಗುತ್ತೆ. ರಸ್ತೆಯ ಎರಡೂ ಕಡೆಯ ತೆಂಗಿನ ಮರಗಳು ಬೇರೆ ಬೇರೆಯಾಗಿ ಕಾಣದೆ ಒಂದು ಹಸಿರು ಗೋಡೆ ಆಗಿಬಿಡ್ತಾವೆ. ಫೀಸು, ಬ್ಯಾಕ್‌ಲಾಗ್ ಸಬ್ಜೆಕ್ಟು, ಅಪ್ಪನ ಸಾಲ, ಕೊಬ್ಬರಿ ರೇಟು, ಯಾವುದೂ ನೆನಪಿಗೆ ಬರಲ್ಲ. ಧ್ಯಾನ ಮಾಡೋಕೆ ಕೂತವರು ವರ್ಷಗಟ್ಟಲೆ ಹುಡುಕೋ ಏಕಾಗ್ರತೆ ಎಂಟು ನಿಮಿಷಕ್ಕೆ ಸಿಗುತ್ತೆ. ನಮ್ಮ ಕಡೆ ಬದುಕು ಬಹಳ ನಿಧಾನ ನೋಡಿ. ಕಾಯಿ ಅಟ್ಟಕ್ಕೆ ಹಾಕಿದ್ರೆ ಉಂಡೆ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕು. ಇಪ್ಪತ್ತು ವರ್ಷದ ಹುಡುಗನಿಗೆ ಅಷ್ಟು ಕಾಯೋದು ಆಗಲ್ಲ. ಅವನಿಗೆ ತಾನು ಯಾರು ಅಂತ ಇವತ್ತು ಸಂಜೆಯೊಳಗೆ ಗೊತ್ತಾಗಬೇಕು.

ಆದ್ರೆ ಆ ಕಥೆಯಲ್ಲಿ ಒಂದು ಭಾಗವನ್ನ ನಾನು ಯಾರಿಗೂ ಹೇಳಿರಲಿಲ್ಲ.

ಅರ್ಧ ದಾರಿಯಲ್ಲಿ ಎಡಗಡೆ ತೋಟದ ದಾರಿಯಿಂದ ಒಬ್ಬ ತಾತ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ರಸ್ತೆಗೆ ಬಂದ. ಹಿಂದೆ ಒಂದು, ಮುಂದೆ ಒಂದು ಕಾಯಿ ಚೀಲ. ಕತ್ತು ತಿರುಗಿಸಿ ನನ್ನ ಕಡೆ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ನೋಡಿಯೇ ದಾಟೋಕೆ ಶುರು ಮಾಡಿದ. ನಾನು ಬ್ರೇಕ್ ಒತ್ತಿದೆ, ಆ ಗಾಡಿಯ ಡ್ರಮ್ ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಬಲಕ್ಕೆ ಎಳೆದೆ. ನನ್ನ ಹ್ಯಾಂಡಲ್ಲೋ ಮೊಣಕಾಲೋ ಗೊತ್ತಿಲ್ಲ, ಮುಂದಿನ ಚೀಲಕ್ಕೆ ತಾಗ್ತು. ಕನ್ನಡಿಯಲ್ಲಿ ನೋಡಿದೆ. ತಾತ ಬಿದ್ದಿರಲಿಲ್ಲ, ಕಾಲು ಊರಿ ನಿಂತಿದ್ದ. ರಸ್ತೆ ತುಂಬಾ ಕಾಯಿ ಉರುಳ್ತಿದ್ವು.

ನಾನು ನಿಲ್ಲಿಸಲಿಲ್ಲ. ಪಲ್ಸರ್ ಹಿಂದೆ ಇತ್ತು, ನಿಲ್ಲಿಸಿದ್ರೆ ಸೋಲ್ತಿದ್ದೆ.

ಬನ್ನು ಟೀ ಚೆನ್ನಾಗಿತ್ತು.

ತೋಟದಲ್ಲಿ ಅಕ್ಕನ ಮಗನ ಮುಂದೆ ನಿಂತಾಗ ಇಷ್ಟೂ ನೆನಪಾಗಿ ನಾಲಿಗೆ ಒಣಗ್ತು. "ನೋಡೋಣ ಬಿಡು" ಅಂತ ಹೇಳಿ ಬೆಂಗಳೂರಿಗೆ ಬಂದೆ. ಬಂದಮೇಲೆ ಕೂತು ಲೆಕ್ಕ ಹಾಕಿದೆ. ಎಂಜಿನಿಯರ್ ಅಲ್ವಾ, ಮನಸ್ಸಿಗೆ ಸಮಾಧಾನ ಇಲ್ಲದಾಗ ಲೆಕ್ಕ ಹಾಕ್ತೀವಿ.

ನಮ್ಮ ತೋಟದಲ್ಲಿ ಮರದಿಂದ ಮರಕ್ಕೆ ಮೂವತ್ತಡಿ. ಗಂಟೆಗೆ 100 ಕಿ.ಮೀ. ಹೋಗೋ ಬೈಕು ಒಂದು ಸೆಕೆಂಡಿಗೆ 28 ಮೀಟರ್, ಅಂದ್ರೆ ಮೂರು ಮರ ದಾಟುತ್ತೆ. ಎದುರಿಗೆ ಏನೋ ಬಂತು ಅಂತ ಮೆದುಳಿಗೆ ಗೊತ್ತಾಗಿ ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡು ಬೇಕು ಅಂತ ಇಟ್ಕೊಳ್ಳಿ. ಅಲ್ಲಿಗೇ ಮೂರು ಮರ ಹೋಯ್ತು. ಆಮೇಲೆ ಒಳ್ಳೇ ಬ್ರೇಕು, ಒಣ ರಸ್ತೆ ಇದ್ರೂ ನಿಲ್ಲೋ ಹೊತ್ತಿಗೆ ಇನ್ನೂ ಏಳು ಮರ. ಒಟ್ಟು ಹತ್ತು ಮರ. ಅದೇ ಬೈಕು 50ರಲ್ಲಿ ಹೋಗ್ತಿದ್ರೆ ಮೂರೂ ಚಿಲ್ಲರೆ ಮರಕ್ಕೆ ನಿಲ್ಲುತ್ತೆ. ವೇಗ ಎರಡರಷ್ಟಾದ್ರೆ ಬ್ರೇಕ್ ಹಿಡಿದಮೇಲೆ ಓಡೋ ದೂರ ನಾಲ್ಕರಷ್ಟಾಗುತ್ತೆ, ಪಿಯುಸಿಯಲ್ಲಿ ಓದಿದ ಭೌತಶಾಸ್ತ್ರ ಅಷ್ಟೇ.

ಈಗ ಆ ತಾತನ ಕಣ್ಣಿಂದ ನೋಡಿ. ನಾನು ಹನ್ನೆರಡು ಮರ ದೂರದಲ್ಲಿದ್ದೀನಿ. ಐವತ್ತು ವರ್ಷದಿಂದ ಆ ರಸ್ತೆ ನೋಡಿರೋ ಅನುಭವದಲ್ಲಿ, ಅಷ್ಟು ದೂರದಲ್ಲಿರೋ ಗಾಡಿ ಬರೋಕೆ ಏಳೆಂಟು ಸೆಕೆಂಡು ಬೇಕು. ಆರಾಮಾಗಿ ದಾಟಬಹುದು. ನಾನು ಬಂದಿದ್ದು ನಾಲ್ಕು ಸೆಕೆಂಡಿಗೆ. ತಾತ ತಪ್ಪು ಮಾಡಲಿಲ್ಲ. ನಾನು ಅವನ ಕಣ್ಣಿಗೆ ಸುಳ್ಳು ಹೇಳಿದೆ. ರಸ್ತೆ ನಡೆಯೋದೇ ನಂಬಿಕೆ ಮೇಲೆ. ಎದುರಿನವನು ಹೆಚ್ಚೂಕಡಿಮೆ ಇಷ್ಟೇ ವೇಗದಲ್ಲಿ ಬರ್ತಾನೆ ಅಂತ ನಂಬಿಯೇ ಎಲ್ಲರೂ ದಾಟೋದು. ಆ ಒಪ್ಪಂದವನ್ನ ನಾನೊಬ್ಬನೇ ಮುರಿದಿದ್ದೆ, ಅದು ಮುರಿದಿದೆ ಅನ್ನೋದು ಅವನಿಗೆ ಗೊತ್ತೇ ಇರಲಿಲ್ಲ.

"ನನ್ನ ಜೀವ, ನನ್ನಿಷ್ಟ" ಅಂತ ಹುಡುಗರು ಹೇಳ್ತಾರೆ. ಆ ಮಾತನ್ನ ನಾನು ಪೂರ್ತಿ ತಳ್ಳಿಹಾಕಲ್ಲ. ಅಪಾಯ ಇರೋದೆಲ್ಲಾ ಕೆಟ್ಟದು ಅಂದ್ರೆ ನಮ್ಮ ಸೀಮೆಯಲ್ಲಿ ಒಂದು ಕಾಯೂ ಕೆಳಗೆ ಬರಲ್ಲ. ಮರ ಹತ್ತಿ ಕಾಯಿ ಕೀಳೋನು ಪ್ರತೀ ಮರಕ್ಕೂ ಜೀವ ಒತ್ತೆ ಇಟ್ಟು ಹತ್ತುತ್ತಾನೆ. ಬಿದ್ದು ಸೊಂಟ ಮುರ್ಕೊಂಡವರು, ಹೋಗಿಬಿಟ್ಟವರು ನಮ್ಮ ಸುತ್ತಮುತ್ತ ಇದ್ದಾರೆ. ಅವನನ್ನ ಯಾರೂ ಬೇಜವಾಬ್ದಾರಿ ಅನ್ನಲ್ಲ. ಹೊಟ್ಟೆಪಾಡು ಅಂತ ಮಾತ್ರ ಅಲ್ಲ. ಕಾಯಿ ಕೆಡವೋ ಮುಂಚೆ ಅವನು ಮೇಲಿಂದ ಕೂಗ್ತಾನೆ. "ಕಾಯಿ ಬೀಳ್ತಾವೆ, ದೂರ ಹೋಗ್ರಪ್ಪೋ!" ಕೆಳಗೆ ಎಮ್ಮೆ ಕಟ್ಟಿದ್ರೆ ಬಿಚ್ಚಿಸ್ತಾನೆ, ಮಕ್ಕಳಿದ್ರೆ ಓಡಿಸ್ತಾನೆ. ತನ್ನ ಅಪಾಯವನ್ನ ತಾನು ಇಟ್ಕೊಂಡು, ಬೇರೆಯವರ ತಲೆ ಮೇಲೆ ಬೀಳೋದನ್ನ ಮೊದಲೇ ತಪ್ಪಿಸ್ತಾನೆ. ರಸ್ತೆಯಲ್ಲಿ ರೇಸ್ ಬಿಡೋನು ಕೂಗದೆ ಕಾಯಿ ಕೆಡವೋನು.

ಹಂಗಾದ್ರೆ ಕೂಗಿ, ಎಲ್ಲರಿಗೂ ಹೇಳಿ, ರಸ್ತೆ ಬಂದ್ ಮಾಡಿ ರೇಸ್ ಬಿಟ್ರೆ? ಅಂಥದ್ದೂ ಇದೆ. ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1907ರಿಂದ ಟಿಟಿ ಅನ್ನೋ ಮೋಟಾರ್‌ಸೈಕಲ್ ರೇಸ್ ನಡೀತಿದೆ. ಬ್ರಿಟನ್ನಿನ ಕಾನೂನು ರೇಸಿಗೆ ರಸ್ತೆ ಬಂದ್ ಮಾಡೋಕೆ ಬಿಡ್ತಿರಲಿಲ್ಲ. ಈ ದ್ವೀಪದ ಸಂಸತ್ತು 1904ರಲ್ಲೇ ಅದಕ್ಕೆ ಪ್ರತ್ಯೇಕ ಕಾಯ್ದೆ ಮಾಡ್ಕೊಂಡಿತ್ತು. ಈಗಿನ ಸುತ್ತು 60.7 ಕಿ.ಮೀ., ಊರುಗಳ ಮಧ್ಯೆ, ಮನೆ ಕಾಂಪೌಂಡಿನ ಪಕ್ಕದಲ್ಲೇ ಹೋಗುತ್ತೆ. 2023ರಲ್ಲಿ ಪೀಟರ್ ಹಿಕ್‌ಮನ್ ಅದನ್ನ ಹದಿನೇಳು ನಿಮಿಷಕ್ಕಿಂತ ಕಡಿಮೆಯಲ್ಲಿ ಸುತ್ತಿದ. ಸರಾಸರಿ ವೇಗವೇ ಗಂಟೆಗೆ 219 ಕಿ.ಮೀ. ಯೂಟ್ಯೂಬಲ್ಲಿ ನೋಡಿದ್ರೆ ಕೂತಲ್ಲೇ ಕಾಲು ಬ್ರೇಕ್ ಒತ್ತುತ್ತೆ. ಆ ರಸ್ತೆಯಲ್ಲಿ ಇಲ್ಲಿತನಕ ಸತ್ತ ಸವಾರರು 260ಕ್ಕೂ ಹೆಚ್ಚು. 2022ರ ಟಿಟಿ ಒಂದರಲ್ಲೇ ಆರು ಜನ. 1972ರಲ್ಲಿ ಗೆಳೆಯ ಗಿಲ್ಬರ್ಟೊ ಪಾರ್ಲೊಟ್ಟಿ ಸತ್ತಮೇಲೆ, ಅಲ್ಲಿ ಹತ್ತು ಸಲ ಗೆದ್ದಿದ್ದ ಜಾಕೊಮೊ ಅಗೊಸ್ಟಿನಿ ಇನ್ನು ಈ ರಸ್ತೆಗೆ ಬರಲ್ಲ ಅಂದ. 1976ರ ನಂತರ ವಿಶ್ವ ಚಾಂಪಿಯನ್‌ಶಿಪ್ ಪಟ್ಟಿಯಿಂದಲೇ ಅದನ್ನ ತೆಗೆದರು. ಆದ್ರೂ ಪ್ರತೀ ವರ್ಷ ಹೋಗೋರು ಇದ್ದಾರೆ. ಅದು ಸರಿಯೋ ತಪ್ಪೋ ಹೇಳೋಕೆ ನನಗೆ ಧೈರ್ಯ ಸಾಲದು. ಆದ್ರೆ ಅಲ್ಲಿ ಸವಾರನಿಗೆ ಗೊತ್ತು, ರಸ್ತೆ ಪಕ್ಕದ ಮನೆಯವರಿಗೆ ಗೊತ್ತು, ಕಾಯಿ ಚೀಲದ ತಾತ ಅಡ್ಡ ಬರಲ್ಲ.

ನಮ್ಮ ಕಾನೂನೂ ಅದನ್ನೇ ಹೇಳುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಬಿಡೋದು ಅಪರಾಧ. 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಪ್ರೊಡಕ್ಷನ್ ಸರ್ವರ್ ಮೇಲೆ ಟೆಸ್ಟ್ ಮಾಡಬೇಡಿ. ಅಲ್ಲಿ ಬೇರೆಯವರ ಬದುಕು ಓಡ್ತಿರುತ್ತೆ.

"ಹಂಗಾದ್ರೆ ಟ್ರ್ಯಾಕಿಗೆ ಹೋಗಲಿ" ಅಂತ ಹೇಳಿ ಕೈ ತೊಳ್ಕೊಳ್ಳೋದೂ ಅಷ್ಟು ಸುಲಭ ಇಲ್ಲ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಅಂತ ಹೆಮ್ಮೆಪಟ್ವಿ. ಅದೇ ಸಂತೋಷ್ 2021ರ ಡಕಾರ್‌ನಲ್ಲಿ ಬಿದ್ದು ಕೋಮಾದಲ್ಲಿದ್ದು ಬಂದರು. 2023ರ ಆಗಸ್ಟ್‌ನಲ್ಲಿ ಚೆನ್ನೈ ಟ್ರ್ಯಾಕಿನ ರೇಸಲ್ಲಿ ಬೆಂಗಳೂರಿನ ಒಬ್ಬ ಹುಡುಗ ತೀರಿಕೊಂಡ. ಅವನಿಗೆ 13 ವರ್ಷ. ಹದಿಮೂರು ವರ್ಷದ ಹುಡುಗನ ಒಪ್ಪಿಗೆ ಅಂದ್ರೆ ಏನು? ಅದು ಅವನ ಒಪ್ಪಿಗೆಯಾ, ಚಪ್ಪಾಳೆ ಹೊಡೆಯೋ ನಮ್ಮದಾ? ಟ್ರ್ಯಾಕು ತಾತನನ್ನ ಉಳಿಸುತ್ತೆ, ಸವಾರನ ಪ್ರಶ್ನೆಯನ್ನ ಹಂಗೇ ಬಿಡುತ್ತೆ.

ಇನ್ನೊಂದು ಘಟನೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ರ, ತುಮಕೂರು ಹೆದ್ದಾರಿಯ ಫ್ಲೈಓವರ್ ಮೇಲೆ ವೀಲಿಂಗ್ ಮಾಡ್ತಿದ್ದ ಹುಡುಗರ ಸ್ಕೂಟರ್‌ಗಳನ್ನ ಜನ ಹಿಡಿದು ಕೆಳಗೆ ಎಸೆದ ವಿಡಿಯೋ ಓಡಾಡ್ತು. ಊರಿಗೆ ಹೋಗೋ ದಾರಿ ಅದು. ಆಫೀಸ್ ಗುಂಪಲ್ಲಿ ಎಲ್ಲರೂ ಚಪ್ಪಾಳೆ ಹೊಡೆದ್ರು, ನಾನೂ ನಗೋ ಮುಖ ಹಾಕಿದೆ. ರಾತ್ರಿ ಮಲಗಿದಾಗ ಹೊಳೀತು, ಕೆಳಗೂ ರಸ್ತೆ ಇತ್ತಲ್ಲ. ಜನರ ಸಿಟ್ಟು ನ್ಯಾಯವಾದದ್ದೇ. ಆದ್ರೆ ಅವರೂ ಕಾಯಿ ಕೆಡವಿದ್ರು. ಮತ್ತೆ, 2009ರಲ್ಲಿ ಆ ಜನ ತುರುವೇಕೆರೆ ರಸ್ತೆಯಲ್ಲಿದ್ದಿದ್ರೆ ಚಿಕ್ಕಪ್ಪನ ಆರ್‌ಎಕ್ಸ್ ಹಳ್ಳದಲ್ಲಿರ್ತಿತ್ತು.

ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ ಅನ್ನೋ ಇಬ್ಬರು ತತ್ತ್ವಶಾಸ್ತ್ರಜ್ಞರು 1976ರಲ್ಲಿ ಒಂದು ಪ್ರಶ್ನೆ ಎತ್ತಿದ್ರು. ಇಬ್ಬರು ಒಂದೇ ತಪ್ಪು ಮಾಡ್ತಾರೆ. ಒಬ್ಬನ ಗಾಡಿಗೆ ಮಗು ಅಡ್ಡ ಬರುತ್ತೆ, ಇನ್ನೊಬ್ಬನಿಗೆ ಬರಲ್ಲ. ಒಬ್ಬನನ್ನ ಕೊಲೆಗಾರ ಅಂತೀವಿ, ಇನ್ನೊಬ್ಬನನ್ನ ಅವಸರದವನು ಅಂತೀವಿ. ಮಾಡಿದ್ದು ಒಂದೇ ಆಗಿದ್ರೆ ವ್ಯತ್ಯಾಸ ಎಲ್ಲಿಂದ ಬಂತು? ಅದಕ್ಕೆ ಅವರು ಇಟ್ಟ ಹೆಸರು ನೈತಿಕ ಅದೃಷ್ಟ. ನಾನು ಇವತ್ತು ಒಳ್ಳೇ ಕೆಲಸ, ಇಎಂಐ ಮನೆ, ಮರ್ಯಾದಸ್ಥ ಅಂತ ಓಡಾಡ್ತಿರೋದು ಒಂದು ಗೇಣು ಅದೃಷ್ಟದಲ್ಲಿ. ಆ ತಾತ ಅರ್ಧ ಸೆಕೆಂಡು ಮುಂಚೆ ಹೊರಟಿದ್ರೆ ನನ್ನ ಹೆಸರಿನ ಹಿಂದೆ ಬೇರೆ ಏನೋ ಇರ್ತಿತ್ತು. ಆದ್ರೆ ಒಂದು ವಿಷಯದಲ್ಲಿ ಅದೃಷ್ಟದ ಪಾತ್ರ ಏನೂ ಇಲ್ಲ. ನಿಲ್ಲಿಸದೇ ಹೋಗಿದ್ದು. ಅದು ಪೂರ್ತಿ ನನ್ನದೇ.

ನಮ್ಮಪ್ಪನಿಗೆ ಈಗ ಎಪ್ಪತ್ತರ ಹತ್ರ. ಕತ್ತು ಪೂರ್ತಿ ತಿರುಗಲ್ಲ, ಕಿವಿ ಮಂದ. ಎಕ್ಸ್‌ಎಲ್ ಬಿಡು ಅಂದ್ರೆ ಕೇಳಲ್ಲ. ದಿನಾ ತೋಟದಿಂದ ಎರಡು ಚೀಲ ಕಾಯಿ ಹಾಕ್ಕೊಂಡು ರಸ್ತೆ ದಾಟಿ ಮನೆಗೆ ಬರ್ತಾನೆ. ಬೆಂಗಳೂರಲ್ಲಿ ಕೂತು ಸಾಯಂಕಾಲ ಆರು ಗಂಟೆಗೆ ಫೋನ್ ಮಾಡಿ "ಅಪ್ಪ ಬಂದ್ನಾ" ಅಂತ ಅಮ್ಮನ್ನ ಕೇಳ್ತೀನಿ. ಅಮ್ಮ "ಬಂದ ಕಣಪ್ಪ" ಅನ್ನೋತನಕ ಉಸಿರು ಬಿಗಿಹಿಡಿದಿರ್ತೀನಿ. ಅವತ್ತು ಆ ತಾತನ ಮನೇಲೂ ಯಾರೋ ಕಾಯ್ತಿದ್ದಿರಬೇಕು ಅಂತ ಹೊಳೆಯೋಕೆ ನನಗೆ ಹದಿನಾರು ವರ್ಷ ಬೇಕಾಯ್ತು.

ಮುಂದಿನ ಸಲ ಊರಿಗೆ ಹೋದಾಗ ಅಕ್ಕನ ಮಗನ್ನ ನಾನೇ ತೋಟಕ್ಕೆ ಕರ್ಕೊಂಡು ಹೋದೆ. ಉಪದೇಶ ಮಾಡೋ ಯೋಗ್ಯತೆ ನನಗಿರಲಿಲ್ಲ, ಹಾಗಾಗಿ ಕಥೆಯನ್ನ ಪೂರ್ತಿ ಹೇಳಿದೆ. ಚೀಲ ತಾಗಿದ್ದು, ಕಾಯಿ ಉರುಳಿದ್ದು, ನಾನು ನಿಲ್ಲಿಸದೇ ಹೋಗಿದ್ದು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ತಾತಂಗೆ ಏನಾಯ್ತು ಮಾವ?"

"ಗೊತ್ತಿಲ್ಲ ಕಣೋ. ವಾಪಸ್ ಬರ್ತಾ ಆ ದಾರೀಲಿ ಬರಲಿಲ್ಲ ನಾನು. ಸುತ್ತಿ ಬಂದೆ."

"ಯಾವೂರಿನವನು ಅಂತ?"

"ಅದೂ ಗೊತ್ತಿಲ್ಲ."

ಬೈಕಿಗೆ ದುಡ್ಡು ಕೊಡಲ್ಲ ಅಂದೆ. ನಿಜವಾಗ್ಲೂ ವೇಗದ ಆಸೆ ಇದ್ರೆ ಟ್ರ್ಯಾಕಿನಲ್ಲಿ ಕಲಿಸೋ ಶಾಲೆಗಳಿದ್ದಾವೆ, ಬಿ.ಇ. ಮುಗಿಸು, ಫೀಸು ನಾನು ಕಟ್ತೀನಿ, ಅಲ್ಲೂ ಏನಾಗಬಹುದು ಅಂತ ಕೂತು ಮಾತಾಡಿ ಆಮೇಲೆ ನಿರ್ಧಾರ ಮಾಡೋಣ ಅಂದೆ. ಅವನಿಗೆ ಖುಷಿ ಆಗಲಿಲ್ಲ. "ನೀನು ಮಾತ್ರ ಓಡಿಸ್ಬಹುದಿತ್ತಾ" ಅಂತ ಗೊಣಗಿದ. ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಓಡಿಸಬಾರದಿತ್ತು ಅನ್ನೋದು ಬಿಟ್ರೆ.

ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಕಾಯಿ ಕೀಳೋನು ಮೇಲಿಂದ ಕೂಗಿದ. ಇಬ್ಬರೂ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ್ವಿ.