ಜೇಡಕ್ಕೊಂದು ಹಾಳು ಹಂಪಿ

ನವಿ ಮುಂಬಯಿಯ ಮಹಾಪೆಯಲ್ಲಿನ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಗಂಗಾವತಿಯ ಹುಡುಗನೊಬ್ಬ ಥರ್ಮಾಕೋಲಿನಲ್ಲಿ ಹಂಪಿ ಕಟ್ಟುತ್ತಿದ್ದಾನೆ. ಫ್ರಿಜ್ಜಿನ ಪೆಟ್ಟಿಗೆಯಿಂದ ತೆಗೆದ ಹಲಗೆಯನ್ನು ಕಾದ ತಂತಿಯಲ್ಲಿ ಕೊಯ್ದು ಕಂಬ ಮಾಡುತ್ತಾನೆ, ಬ್ರಷ್ಷಿನ ಹಿಡಿಯಿಂದ ಬಿರುಕು ಗೀರುತ್ತಾನೆ, ಸಿಮೆಂಟಿನ ತಿಳಿ ಬಳಿಯುತ್ತಾನೆ. ಒಣಗಿದ ಮೇಲೆ ನೀರಾದ ಕಪ್ಪು ಬಣ್ಣ ಹಚ್ಚಿ ಒರೆಸಿದರೆ ಸಂದುಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಹಂಪಿ ಹಾಳಾದ 1565ರಿಂದ ಈಚೆಗೆ ಬಿದ್ದ ಮಳೆ ಬಿಸಿಲೆಲ್ಲ ಒಂದೇ ಸಂಜೆಗೆ ಬಂದುಬಿಡುತ್ತದೆ! ಸ್ಪ್ರೇ ಡಬ್ಬಿಯನ್ನು ಮಾತ್ರ ಅವನು ಮುಟ್ಟುವುದಿಲ್ಲ. ಅದರ ದ್ರಾವಕಕ್ಕೆ ಥರ್ಮಾಕೋಲ್ ಕರಗಿಹೋಗುತ್ತದೆ.

ಇಷ್ಟೆಲ್ಲ ಗಾಜಿನ ಪೆಟ್ಟಿಗೆಯಲ್ಲಿರುವ ಒಂದು ಟ್ಯಾರಂಟುಲಾ ಜೇಡಕ್ಕಾಗಿ. ಮೆಕ್ಸಿಕೊ ಮೂಲದ ಕೆಂಪು ಮೊಣಕಾಲಿನ ತಳಿ, ಹೆಣ್ಣಾದರೆ ಇಪ್ಪತ್ತು ವರ್ಷ ಬಾಳಬಲ್ಲದು.

ಕೈಚಳಕ ಮೆಚ್ಚುವಂಥದ್ದೇ. ಆದರೆ ಈ ಜೇಡಕ್ಕೆ ಎಂಟು ಕಣ್ಣಿದ್ದರೂ ದೃಷ್ಟಿ ಬಲು ಮಂದ. ಕಾಲಿನ ರೋಮಗಳಿಗೆ ತಾಗುವ ಕಂಪನವೇ ಅದರ ಲೋಕ. ಅದಕ್ಕೆ ಮಂಟಪವೂ ಒಂದೇ, ಮುರಿದ ಮಡಕೆಯೂ ಒಂದೇ. ಒಳಗೆ ಕತ್ತಲಿರಬೇಕು, ಕೆಳಗೆ ತೋಡಲು ಮಣ್ಣಿರಬೇಕು. ಗೋಪುರದ ವಿಷಯವಂತೂ ಬೇರೆಯೇ. ನೆಲದಲ್ಲಿ ಬದುಕುವ ಈ ಭಾರದ ಜೇಡ ಅದನ್ನು ಹತ್ತಿ ಜಾರಿದರೆ, ಅಷ್ಟು ಎತ್ತರದಿಂದ ಬಿದ್ದೇ ಹೊಟ್ಟೆ ಒಡೆದು ಸಾಯಬಹುದು. ನಮ್ಮ ಕಣ್ಣಿಗೆ ಶಿಲ್ಪ, ಅದಕ್ಕೆ ಪ್ರಪಾತ. ಅಕ್ಕರೆ ಯಾರ ಮೇಲೆ ಎಂದು ಕೇಳಬೇಕಾದ ಜಾಗ ಇದು. ಮಾಡುವವನಿಗೆ ಸುಖ ಸಿಕ್ಕಿತೆಂದು, ಯಾರಿಗಾಗಿ ಮಾಡಿದನೋ ಅವರಿಗೂ ಸಿಕ್ಕಿತೆಂದು ತಿಳಿಯುವ ಅಭ್ಯಾಸ ನಮ್ಮ ಮನೆಗಳಲ್ಲೂ ಇದೆ. ವಯಸ್ಸಾದ ತಾಯಿಗೆ ನುಣುಪಾದ ಟೈಲ್ಸ್ ಹಾಕಿಸಿಕೊಟ್ಟು ಹೆಮ್ಮೆಪಡುವ ಮಕ್ಕಳನ್ನು ನಾನು ಬಲ್ಲೆ.

ಕಾನೂನಿನ ಮಾತೂ ಇದೆ. ಮಹಾರಾಷ್ಟ್ರ 2018ರಲ್ಲೇ ಥರ್ಮಾಕೋಲ್ ಅಲಂಕಾರವನ್ನು ತಡೆಯಿತು, ಗಣಪತಿಯನ್ನು ಕೂರಿಸುವ ಮಖರಗಳು ಕಾಗದ, ಬಟ್ಟೆಗಳ ಕಡೆ ತಿರುಗಬೇಕಾಯಿತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಅದೇ ನಿಯಮ. ಕಸಕ್ಕೆ ಹೋಗುವುದನ್ನು ಆರಿಸಿಕೊಂಡೆ ಎಂಬ ಹುಡುಗನ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೂ ಕಲ್ಲಿನ ಹಂಪಿ ಸವೆಯುತ್ತದೆ, ಈ ಹಂಪಿ ಸವೆಯದೆ ಕಾಳುಕಾಳಾಗಿ ಠಾಣೆ ಖಾರಿ ಸೇರಿದರೆ ಯಾರು ಹೆಕ್ಕುವುದು?

ನಿಜವಾದ ಹಾಳು ಕಾಣಲು ಅವನು ದೂರ ಹೋಗಬೇಕಿಲ್ಲ. ಮಹಾಪೆಯ ಬೆನ್ನಿಗಿರುವ ಪಾರಸಿಕ್ ಗುಡ್ಡದಲ್ಲಿ ಕ್ವಾರಿಗಳು ಕಡಿದ ಗಾಯಗಳಿವೆ. ಅಂಥ ಕಲ್ಲುಗಳ ಅಡಿಯೇ ಚೇಳುಗಳ ಮನೆ. ಕೊಂಕಣದ ಕೆಂಪು ಚೇಳಿನ ವಿಷಕ್ಕೆ ಪ್ರಾಜೋಸಿನ್ ಎಂಬ ಔಷಧ ಕೊಟ್ಟು ಜನರನ್ನು ಉಳಿಸುವ ದಾರಿ ತೋರಿಸಿದವರು ಮಹಾಡದ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್. ಚೇಳಿನ ಭಯಕ್ಕೆ ಕಾರಣವಿದೆ. ಹಾಗೆಂದು ಊರಿನ ಎಂಟು ಕಾಲಿನದಕ್ಕೆಲ್ಲ ಚಪ್ಪಲಿ, ಮೆಕ್ಸಿಕೊದ್ದಕ್ಕೆ ಕಲ್ಯಾಣಮಂಟಪ ಎಂಬುದನ್ನು ಪ್ರಾಣಿಪ್ರೀತಿ ಎಂದು ಕರೆಯಲು ನನಗೆ ನಾಲಿಗೆ ಬರುವುದಿಲ್ಲ.

ತೆಂಗಿನ ನಾರಿನ ಪುಡಿ ದಪ್ಪಗೆ ಹಾಕಿ ಒಂದು ಮಡಕೆಚೂರು ಇಡು, ಸಾಕು ಎಂದೆ. ಅವನು ಮುಖ ಸಣ್ಣದು ಮಾಡಿಕೊಂಡ. "ಹಂಗಾದ್ರ ನೋಡಾಕ ಏನಿರತೈತ್ರಿ, ಸರ?" ಪ್ರಶ್ನೆ ಪ್ರಾಮಾಣಿಕ. ಸಾಕುವ ಆಸೆಯಲ್ಲಿ ನೋಡುವ ಆಸೆಯೇ ಮುಕ್ಕಾಲು. ಹಾಗಾದರೆ ಹಂಪಿಯನ್ನು ಗಾಜಿನ ಹೊರಬದಿಗೆ ಅಂಟಿಸು, ನಿನಗೆ ಕಾಣುತ್ತದೆ, ಅದಕ್ಕೆ ಅಪಾಯವಿಲ್ಲ ಎಂದೆ. ಸದ್ಯಕ್ಕೆ ಗೋಪುರವನ್ನಷ್ಟೇ ಹೊರಗಿಡಲು ಒಪ್ಪಿದ್ದಾನೆ. ಮಂಟಪದ ಬಗ್ಗೆ ಚರ್ಚೆ ನಡೆದಿದೆ.