ಎಬ್ಬಿಸಬೇಕಾದದ್ದು ಬರೀ ಮಗ್ಗವನ್ನಲ್ಲ

ಇಳಕಲ್ಲು, ಗುಳೇದಗುಡ್ಡ, ಕಮತಗಿ ಕಡೆಯ ನೇಕಾರರ ಹಳೆಯ ಮನೆಗಳಲ್ಲಿ ಪಡಸಾಲೆಯ ನೆಲದಲ್ಲೇ ಒಂದು ಕುಣಿ ಇರುತ್ತದೆ. ನೇಯುವವರು ಅದರ ಅಂಚಿಗೆ ಕೂತು, ಕಾಲು ಕೆಳಗೆ ಇಳಿಬಿಟ್ಟು ಕಾಲುಮಣೆ ತುಳಿಯುತ್ತಾರೆ. ಹತ್ತಿಯ ನೂಲು ಒಣಗಿದರೆ ಪಟಪಟನೆ ಹರಿಯುತ್ತದೆ, ತುಸು ತೇವವಿದ್ದರೆ ತಡೆಯುತ್ತದೆ. ಬಯಲುಸೀಮೆಯ ಬಿಸಿಲಲ್ಲಿ ನೂಲಿಗೆ ಆ ತಂಪು ಕೊಡುವುದು ಕುಣಿಯ ಮಣ್ಣು. ಈಗ ಎಷ್ಟೋ ಮನೆಗಳಲ್ಲಿ ಕುಣಿಗೆ ಹಲಗೆ ಮುಚ್ಚಿ ಮೇಲೆ ಜೋಳದ ಚೀಲ ಪೇರಿಸಿದ್ದಾರೆ. ಮಗ್ಗದ ಮರಗಳು ಅಟ್ಟ ಸೇರಿವೆ.

ಅಂಥ ಮಗ್ಗವನ್ನು ಮತ್ತೆ ಎಬ್ಬಿಸುತ್ತೇವೆಂದು ಅಲ್ಲಲ್ಲಿ ಕೆಲವರು ಹೊರಟಿದ್ದಾರೆ. ಒಳ್ಳೆಯದೇ. ಆದರೆ ಶುರುಮಾಡುವುದು ವಾರ್ನಿಷ್ ಡಬ್ಬಿಯಿಂದ. ರೆಸಾರ್ಟಿನ ಬಾಗಿಲಲ್ಲಿ ನಿಲ್ಲಿಸುವುದಾದರೆ ಅಷ್ಟು ಸಾಕು, ನೇಯುವುದಾದರೆ ಸಾಲದು.

ಮರದ ಕೆಲಸ ನಿಜಕ್ಕೂ ಸುಲಭ. ಗೆದ್ದಲು ಹಿಡಿದ ಕಂಬ ಬದಲಿಸಲು ಊರ ಬಡಗಿ ಇದ್ದಾನೆ. ಎಚ್ಚರ ಬೇಕಾದದ್ದು ಚೌಕ ಹಿಡಿಯುವಲ್ಲಿ. ಮೂಲೆಯಿಂದ ಮೂಲೆಗೆ ದಾರ ಹಿಡಿದರೆ ಎರಡು ಅಳತೆಯೂ ಒಂದೇ ಬರಬೇಕು. ಬೆರಳಗಲ ತಪ್ಪಿದರೂ ಬಟ್ಟೆಯ ಒಂದು ಅಂಚು ಬಿಗಿದು ಇನ್ನೊಂದು ಸಡಿಲ ಬೀಳುತ್ತದೆ. ಲಾಳಿಯ ಮೈಯಲ್ಲಿ ಸಿಬಿರು ಇರಬಾರದು. ಎಳೆಗಳನ್ನು ಸಾಲಾಗಿ ಹಿಡಿಯುವ, ಬಾಚಣಿಗೆಯಂಥ ಹಣಿಗೆ ಉಕ್ಕಿನದಾದರೆ ಸೀಮೆಎಣ್ಣೆ ಹಚ್ಚಿ ಹಲ್ಲುಹಲ್ಲನ್ನೂ ಒರೆಸಬೇಕು. ತುಕ್ಕು ಉಳಿದ ಒಂದೇ ಹಲ್ಲು ಸಾಕು, ಹತ್ತಿಗೆ ಕಲೆ ಹಿಡಿಸುತ್ತದೆ, ರೇಷ್ಮೆಯನ್ನು ಕೊಯ್ಯುತ್ತದೆ.

ಆದರೆ ಹಣಿಗೆ ಒರೆಸುವ ಹೊತ್ತಿಗೆ ಬಹಳ ಮಂದಿ ಒಂದು ಅನಾಹುತ ಮಾಡಿ ಮುಗಿಸಿರುತ್ತಾರೆ. ಅಟ್ಟದಿಂದ ಇಳಿಸಿದ ಹಣಿಗೆಯಲ್ಲಿ ಹಳೆಯ ನೂಲಿನ ಗೇಣುದ್ದದ ತುದಿಗಳು ಜೋತಾಡುತ್ತಿರುತ್ತವೆ, ಮಾಸಿ, ದೂಳು ಹಿಡಿದು. ಕಸವೆಂದು ಅದಕ್ಕೆ ಕತ್ತರಿ ಹಾಕುತ್ತಾರೆ. ಅದು ಕಸವಲ್ಲ, ಕೊನೆಯ ಸೀರೆ ಇಳಿಸಿದ ನೇಕಾರ ಬೇಕೆಂದೇ ಬಿಟ್ಟುಹೋದ ಹಾಸು, ಅಂದರೆ ಬಟ್ಟೆಯ ಉದ್ದದ ಎಳೆಗಳು. ಅಲ್ಲಿ ಒಂದೊಂದು ಎಳೆಯೂ ತನ್ನ ಹಲ್ಲಿನಲ್ಲಿ, ತನ್ನ ಕುಣಿಕೆಯಲ್ಲಿ ಸಾಲಾಗಿ ಕೂತಿದೆ. ಹೊಸ ಹಾಸಿನ ಎಳೆಯನ್ನು ಹಳೆಯದರ ತುದಿಗೆ ಇಟ್ಟು, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯುತ್ತಾರೆ. ಗಂಟು ಹಾಕುವುದಿಲ್ಲ. ಗಂಟಾದರೆ ಹಣಿಗೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲ ಎಳೆ ಹೊಸೆದು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡರೆ ಹೊಸ ಹಾಸು ಹಳೆಯದರ ಬೆನ್ನು ಹಿಡಿದು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಕತ್ತರಿಸಿದರೋ, ಎಲ್ಲವನ್ನೂ ಮೊದಲಿನಿಂದ ಪೋಣಿಸಬೇಕು. ಅಂಗುಲಕ್ಕೆ 60 ಎಳೆ, 45 ಅಂಗುಲ ಅಗಲ ಎಂದಿಟ್ಟುಕೊಂಡರೂ 2,700 ಎಳೆ. ನಡುವೆ ಒಂದು ತಪ್ಪಿದರೆ ಬಟ್ಟೆಯುದ್ದಕ್ಕೂ ಗೆರೆ. ಹಳೆಯ ನೂಲು ಹೊಸೆಯಲಾರದಷ್ಟು ಜೀರ್ಣವಾಗಿದ್ದರೂ ಯಾವ ಎಳೆ ಎಲ್ಲಿ ಎಂಬ ಲೆಕ್ಕವನ್ನಾದರೂ ಅದು ಹೇಳುತ್ತದೆ.

ಇಳಕಲ್ ಸೀರೆಯಲ್ಲಿ ಕೆಲಸ ಇನ್ನೂ ಸೂಕ್ಷ್ಮ. ಒಡಲಿನ ಹಾಸು ಹತ್ತಿಯದಾದರೂ ಸೆರಗಿನದು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಹಾಗಾಗಿ ಹತ್ತಾರು ಸೀರೆಗಾಗುವ ಹಾಸನ್ನು ಒಮ್ಮೆಲೇ ಹೂಡಿ ನಿಶ್ಚಿಂತರಾಗುವಂತಿಲ್ಲ. ಸೀರೆಗೊಂದು ಹಾಸು, ಸೀರೆಗೊಮ್ಮೆ ಕೊಂಡಿ. ನೂಲಿಗೆ ಬಣ್ಣ ಕಟ್ಟುವವರು, ಗಂಜಿ ಕೊಡುವವರು, ಕಂಡಿಕೆ ಸುತ್ತುವವರು ಬೇರೆ. ಇದರಲ್ಲಿ ಬಹುಪಾಲು ಮನೆಯ ಹೆಂಗಸರ ದುಡಿಮೆ. 2019-20ರ ಗಣತಿಯಂತೆ ದೇಶದ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ 100ಕ್ಕೆ 70ಕ್ಕೂ ಹೆಚ್ಚು ಮಂದಿ ಮಹಿಳೆಯರು. ನಮ್ಮ ಕಣ್ಣಿಗೆ ಬೀಳುವುದು ಮಾತ್ರ ಲಾಳಿ ಹೊಡೆಯುವವನು. ಅವನೊಬ್ಬನನ್ನು ಕರೆತಂದು ದುರಸ್ತಿಯಾದ ಮಗ್ಗಕ್ಕೆ ಕೂರಿಸಿದರೆ ಇಳಕಲ್ ಸೀರೆ ಹುಟ್ಟುವುದಿಲ್ಲ.

ಕರಾವಳಿಯಲ್ಲಿ ಇದನ್ನು ಅರಿತು ಕೆಲಸ ಮಾಡಿದವರಿದ್ದಾರೆ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಅದನ್ನು ನೇಯುವವರು ವಿರಳವಾಗಿದ್ದರು, ಉಳಿದವರು ವಯಸ್ಸಾದವರು. ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಕೈಜೋಡಿಸಿ ಹೊಸಬರಿಗೆ ನೇಯ್ಗೆ ಕಲಿಸಿತು, ಸೀರೆ ಕೊಳ್ಳುವವರನ್ನೂ ಹುಡುಕಿತು. ಮಗ್ಗಗಳು ಮತ್ತೆ ಸದ್ದು ಮಾಡಿದವು. ಕೂಲಿ ಗಿಟ್ಟದಿದ್ದರೆ ಕಲಿತವರು ಉಳಿಯುತ್ತಿರಲಿಲ್ಲ.

ನಮ್ಮಲ್ಲಿ ಕಾನೂನಿಗೂ ಕೊರತೆಯಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರದು. ಆರಂಭದಲ್ಲಿ 22 ಇದ್ದ ಆ ಪಟ್ಟಿ 11ಕ್ಕೆ ಇಳಿದಿದೆ. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಅಂದು ಸನ್ಮಾನ, ಶಾಲು, ಫೋಟೊ ಎಲ್ಲ ಆಗುತ್ತವೆ. ಶಾಲು ಪವರ್‌ಲೂಮಿನದೋ ಎಂದು ಕೇಳುವ ಧೈರ್ಯ ಸಭೆಯಲ್ಲಿ ಯಾರಿಗೂ ಇರುವುದಿಲ್ಲ.

ನಿಮ್ಮ ಹಿರಿಯರ ಮನೆಯ ಅಟ್ಟದಲ್ಲಿ ಮಗ್ಗವಿದ್ದರೆ, ಬಡಗಿಯನ್ನು ಕರೆಯುವ ಮೊದಲು ಓಣಿಯಲ್ಲಿ ಯಾರಿಗೆ ಹಾಸು ಹೊಸೆಯಲು ಬರುತ್ತದೆ, ಯಾರು ಕೊಂಡಿ ಹಾಕಬಲ್ಲರು ಎಂದು ವಿಚಾರಿಸಿ. ಅಂಥವರು ಹೆಚ್ಚಾಗಿ ಅರವತ್ತು ದಾಟಿದವರು. ದಿನಗೂಲಿ ಕೊಟ್ಟು, ಕಲಿಯುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ. ಅಲ್ಲಿಯವರೆಗೆ ಹಣಿಗೆಯಲ್ಲಿ ಜೋತಾಡುವ ಹಳೆಯ ನೂಲಿಗೆ ದಯವಿಟ್ಟು ಕತ್ತರಿ ಹಾಕಬೇಡಿ.